ಇಂಗ್ಲಿಷ್ ಪದಗಳ ಕೊನೆಯ ಮೌನ 'ಇ' ಅಕ್ಷರ: ಪೋಷಕರಿಗೆ ಮತ್ತು ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಶೈಕ್ಷಣಿಕ ಸಾಲಿನಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಬೋಧಿಸಲಾಗುತ್ತಿದೆ. ಅದಕ್ಕೂ ಮುನ್ನ ಐದನೆಯ ತರಗತಿಯಿಂದ ಈ ಬೋಧನೆ ಆರಂಭವಾಗುತ್ತಿತ್ತು. 2019-20ನೇ ಸಾಲಿನಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡದೊಂದಿಗೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನೂ ತೆರೆಯಲಾಯಿತು. ಇದರ ಪರಿಣಾಮವಾಗಿ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂತಹ ಗ್ರಾಮಗಳ ಅನೇಕ ಕುಟುಂಬಗಳಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲ ಮೊದಲ ವ್ಯಕ್ತಿ ಆ ಮನೆಯ ಶಾಲಾ ಬಾಲಕ ಅಥವಾ ಬಾಲಕಿಯೇ ಆಗಿರುವುದುಂಟು. ಬ್ಯಾಂಕಿನ ಚಲನ್, ವಿಮೆಯ ನಮೂನೆ, ಆನ್‌ಲೈನ್ ಅರ್ಜಿ ಮುಂತಾದವು ಮನೆಗೆ ಬಂದಾಗ ಅವುಗಳನ್ನು ಓದಿ ಹೇಳುವ ಹೊಣೆಯೂ ಆ ಮಗುವಿನ ಮೇಲೆಯೇ ಬೀಳುತ್ತದೆ.

ಇಂತಹ ನಮೂನೆಗಳಲ್ಲಿ ಪದೇ ಪದೇ ಕಂಡುಬರುವ ನೇಮ್, ಡೇಟ್, ಪ್ಲೇಸ್, ಸ್ಟೇಟ್, ಏಜ್, ಮೇಲ್, ಫೀಮೇಲ್, ವೈಫ್, ಫೋನ್, ಮೊಬೈಲ್, ಕೋಡ್ ಮತ್ತು ಟೈಪ್ ಎಂಬ ಪದಗಳಿಗೆ ಒಂದು ಸಮಾನ ಲಕ್ಷಣವಿದೆ. ಇವೆಲ್ಲವೂ ಇಂಗ್ಲಿಷಿನ 'ಇ' ಅಕ್ಷರದಿಂದ ಕೊನೆಗೊಳ್ಳುತ್ತವೆ. ಆದರೆ ಆ ಅಕ್ಷರವನ್ನು ಯಾರೂ ಉಚ್ಚರಿಸುವುದಿಲ್ಲ. ಈ ಒಂದು ಅಕ್ಷರದ ಕೆಲಸವನ್ನು ತಿಳಿದ ಮಗು ಅರ್ಜಿಯ ಮೊದಲ ಪುಟದ ಬಹುಪಾಲು ಪದಗಳನ್ನು ತಾನೇ ಓದಬಲ್ಲದು. ತಿಳಿಯದ ಮಗು ಪ್ರತಿಯೊಂದು ಪದವನ್ನೂ ಪ್ರತ್ಯೇಕವಾಗಿ ಬಾಯಿಪಾಠ ಮಾಡಬೇಕಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಸೂಚನೆ: ಈ ಲೇಖನದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೇ ಕನ್ನಡದಲ್ಲಿ ಬರೆದು, ನಡುವೆ ಗೆರೆಯಿಂದ ಜೋಡಿಸಲಾಗಿದೆ. ಉದಾಹರಣೆಗೆ, ನೇಮ್ ಎಂಬ ಪದದ ಕಾಗುಣಿತ ಎನ್-ಎ-ಎಂ-ಇ.

ಮೌನ 'ಇ' ಮಾಡುವ ಕೆಲಸ

ಇಂಗ್ಲಿಷಿನಲ್ಲಿ ಎ, ಇ, ಐ, ಓ, ಯು ಎಂಬ ಐದು ಸ್ವರಾಕ್ಷರಗಳಿವೆ. ಒಂದು ಚಿಕ್ಕ ಪದದಲ್ಲಿ ಸ್ವರಾಕ್ಷರದ ನಂತರ ಒಂದು ವ್ಯಂಜನವಿದ್ದು ಪದ ಅಲ್ಲಿಗೇ ಮುಗಿದರೆ ಸ್ವರವು ಸಾಮಾನ್ಯವಾಗಿ ಹ್ರಸ್ವವಾಗಿರುತ್ತದೆ. ಅದೇ ಪದದ ಕೊನೆಗೆ 'ಇ' ಸೇರಿದರೆ, ಸೇರಿದ 'ಇ' ಮೌನವಾಗಿರುತ್ತದೆ. ಹಿಂದಿನ ಸ್ವರಾಕ್ಷರವು ತನ್ನ ಹೆಸರನ್ನೇ ತಾನು ಉಚ್ಚರಿಸುತ್ತದೆ. ಇದನ್ನು ಈ ಕೆಳಕಂಡ ಜೋಡಿಗಳಲ್ಲಿ ಗಮನಿಸಬಹುದು.

1. ಟಿ-ಎ-ಪಿ ಎಂಬುದು ಟ್ಯಾಪ್. ಟಿ-ಎ-ಪಿ-ಇ ಎಂಬುದು ಟೇಪ್.
2. ಪಿ-ಎಲ್-ಎ-ಎನ್ ಎಂಬುದು ಪ್ಲ್ಯಾನ್. ಪಿ-ಎಲ್-ಎ-ಎನ್-ಇ ಎಂಬುದು ಪ್ಲೇನ್.
3. ಕೆ-ಐ-ಟಿ ಎಂಬುದು ಕಿಟ್. ಕೆ-ಐ-ಟಿ-ಇ ಎಂಬುದು ಕೈಟ್, ಅಂದರೆ ಗಾಳಿಪಟ.
4. ಎನ್-ಓ-ಟಿ ಎಂಬುದು ನಾಟ್. ಎನ್-ಓ-ಟಿ-ಇ ಎಂಬುದು ನೋಟ್.
5. ಟಿ-ಯು-ಬಿ ಎಂಬುದು ಟಬ್. ಟಿ-ಯು-ಬಿ-ಇ ಎಂಬುದು ಟ್ಯೂಬ್.

ಎ, ಐ, ಓ, ಯು ಅಕ್ಷರಗಳಲ್ಲಿ ಇಂತಹ ಜೋಡಿಗಳು ಹೇರಳವಾಗಿವೆ. ನಡುವಿನ ಸ್ವರವೂ 'ಇ' ಆಗಿರುವ ಪದಗಳು ಕಡಿಮೆ; ದೀಸ್, ಕಂಪ್ಲೀಟ್ ಮುಂತಾದವು ಅದಕ್ಕೆ ಉದಾಹರಣೆ. ಆದುದರಿಂದ ಬೋಧನೆಯನ್ನು ಎ ಮತ್ತು ಐ ಅಕ್ಷರಗಳಿಂದ ಆರಂಭಿಸುವುದು ಸೂಕ್ತ.

ಕನ್ನಡ ಬಲ್ಲ ಮಗುವಿಗೆ ಎದುರಾಗುವ ತೊಡಕು

ಕನ್ನಡ ಲಿಪಿಯಲ್ಲಿ ಬರೆದುದನ್ನೆಲ್ಲಾ ಓದಲಾಗುತ್ತದೆ. ಅಕ್ಷರವೊಂದನ್ನು ಬರೆದು ಅದನ್ನು ಉಚ್ಚರಿಸದೇ ಬಿಡುವ ಪದ್ಧತಿ ಕನ್ನಡದಲ್ಲಿಲ್ಲ. ಜೊತೆಗೆ ಅಚ್ಚಗನ್ನಡದ ಮಾತುಗಳು ಸ್ವರದಿಂದ ಕೊನೆಗೊಳ್ಳುವುದರಿಂದ, ಎರವಲು ಪದಗಳ ಕೊನೆಗೂ ಸ್ವರವನ್ನು ಸೇರಿಸಿ ಬಸ್ಸು, ಕಾರು, ಗೇಟು ಎನ್ನುವುದು ರೂಢಿಯಾಗಿದೆ. ಇಂತಹ ಹಿನ್ನೆಲೆಯ ಮಗು ಎನ್-ಎ-ಎಂ-ಇ ಎಂಬುದನ್ನು ಮೊದಲ ಸಲ ಕಂಡಾಗ 'ನಮೆ' ಎಂದು ಓದುವುದು ಸಹಜ. ಅಂತೆಯೇ ಕಿವಿಗೆ ಬಿದ್ದ 'ಕೇಕ್' ಎಂಬ ಪದವನ್ನು ಬರೆಯುವಾಗ ಕೆ-ಇ-ಕೆ ಎಂದು ಬರೆಯುವುದೂ ಸಹಜ. ಇದನ್ನು ಮಗುವಿನ ದಡ್ಡತನವೆಂದು ಭಾವಿಸತಕ್ಕದ್ದಲ್ಲ. ಮಗು ತನಗೆ ಚೆನ್ನಾಗಿ ತಿಳಿದಿರುವ ಲಿಪಿಯ ನಿಯಮವನ್ನು ಹೊಸ ಲಿಪಿಗೆ ಅನ್ವಯಿಸುತ್ತಿರುತ್ತದೆ, ಅಷ್ಟೆ.

ಅದೇ ಕನ್ನಡ ಲಿಪಿಯಲ್ಲಿ ಈ ತೊಡಕಿಗೆ ಪರಿಹಾರವೂ ಇದೆ. 'ಕೆ' ಎಂಬ ಅಕ್ಷರದ ಮುಂದೆ ದೀರ್ಘದ ಚಿಹ್ನೆ ಬರೆದರೆ 'ಕೇ' ಆಗುತ್ತದೆ. 'ಕೊ' ಎಂಬುದು 'ಕೋ' ಆಗುತ್ತದೆ. 'ಕಿ' ಎಂಬುದು 'ಕೀ' ಆಗುತ್ತದೆ. ಆ ಚಿಹ್ನೆಗೆ ಸ್ವಂತ ಧ್ವನಿಯಿಲ್ಲ. ಹಿಂದಿನ ಸ್ವರವನ್ನು ಎಳೆಯಬೇಕೆಂದು ಅದು ಸೂಚಿಸುತ್ತದೆ. ಇಂಗ್ಲಿಷಿನ ಮೌನ 'ಇ' ಸಹ ಇಂತಹುದೇ ಒಂದು ಚಿಹ್ನೆ ಎಂದು ತಿಳಿಸಿದರೆ ಮಗುವಿಗೆ ವಿಷಯ ಬೇಗ ಮನದಟ್ಟಾಗುತ್ತದೆ. ವ್ಯತ್ಯಾಸಗಳು ಎರಡು. ಮೊದಲನೆಯದಾಗಿ, ಕನ್ನಡದ ಚಿಹ್ನೆ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಇಂಗ್ಲಿಷಿನ ಚಿಹ್ನೆ ಒಂದು ವ್ಯಂಜನವನ್ನು ದಾಟಿ ಆಚೆ ಕುಳಿತಿರುತ್ತದೆ. ಎರಡನೆಯದಾಗಿ, ಕನ್ನಡದಲ್ಲಿ ಸ್ವರದ ಅಳತೆ ಮಾತ್ರ ಹೆಚ್ಚುತ್ತದೆ. ಇಂಗ್ಲಿಷಿನಲ್ಲಿ ಸ್ವರದ ಗುಣವೇ ಬದಲಾಗಿ 'ಕಿಟ್' ಎಂಬುದು 'ಕೈಟ್' ಆಗುತ್ತದೆ.

ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆ

ಮಕ್ಕಳು ಈ ಪ್ರಶ್ನೆಯನ್ನು ಕೇಳಿದಾಗ 'ಅದು ಹಾಗೆಯೇ' ಎಂದು ಉತ್ತರಿಸುವ ಬದಲು ಇತಿಹಾಸವನ್ನು ತಿಳಿಸುವುದು ಒಳಿತು. ಪ್ರಾಚೀನ ಇಂಗ್ಲಿಷಿನಲ್ಲಿ ಹೆಸರು ಎಂಬುದಕ್ಕೆ 'ನಮ' ಎಂಬ ಪದವಿತ್ತು. ಇದು ಸಂಸ್ಕೃತದ 'ನಾಮ' ಶಬ್ದದೊಂದಿಗೆ ಒಂದೇ ಮೂಲದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಮುಂದೆ ಅದು 'ನಾಮೆ' ಎಂಬುದಕ್ಕೆ ಹತ್ತಿರವಾದ ಉಚ್ಚಾರವನ್ನು ಪಡೆಯಿತು. ಆ ಕಾಲದಲ್ಲಿ ಕೊನೆಯ 'ಇ' ಅಕ್ಷರಕ್ಕೆ ಧ್ವನಿಯಿತ್ತು. 1400ರಲ್ಲಿ ನಿಧನನಾದ ಕವಿ ಚಾಸರನ ಪದ್ಯಗಳ ಛಂದಸ್ಸು ಅನೇಕ ಕಡೆ ಈ ಕೊನೆಯ ಸ್ವರವನ್ನು ಉಚ್ಚರಿಸಿದಾಗ ಮಾತ್ರ ಸರಿಹೊಂದುತ್ತದೆ. ಕಾಲಕ್ರಮೇಣ ಕೊನೆಯ ಸ್ವರ ಮಾತಿನಿಂದ ಬಿದ್ದುಹೋಯಿತು. ನಂತರದ ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲವೂ ಸ್ಥಾನಪಲ್ಲಟಗೊಂಡು 'ನಾಮ್' ಎಂಬುದು 'ನೇಮ್' ಆಯಿತು.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ ನಂತರ ಕಾಗುಣಿತಗಳು ಕ್ರಮೇಣ ಸ್ಥಿರಗೊಂಡವು. ಮಾತು ಬದಲಾದರೂ ಬರಹ ಹಳೆಯ ರೂಪದಲ್ಲಿಯೇ ಉಳಿಯಿತು. ಲಂಡನ್ನಿನ ಶಾಲಾ ಮುಖ್ಯೋಪಾಧ್ಯಾಯರಾಗಿದ್ದ ರಿಚರ್ಡ್ ಮಲ್ಕಾಸ್ಟರ್ ಅವರು 1582ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಮೌನ ಅಕ್ಷರವನ್ನು ಹಿಂದಿನ ಸ್ವರದ ದೀರ್ಘತೆಯ ಗುರುತಾಗಿ ಬಳಸುವ ಕ್ರಮವನ್ನು ವಿವರಿಸಿದರು. ಹೀಗಾಗಿ 'ನಮೆ' ಎಂದು ಓದುವ ಇಂದಿನ ಮಗು ಸುಮಾರು ಆರು ನೂರು ವರ್ಷಗಳ ಹಿಂದಿನ ಇಂಗ್ಲಿಷರ ಓದಿಗೆ ಸಮೀಪದಲ್ಲಿದೆ ಎಂದರೆ ತಪ್ಪಾಗಲಾರದು.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿಯನ್ನು ನೀಡುತ್ತಾ ಬಂದಿದೆ. ಮೌನ 'ಇ' ಪಾಠವನ್ನು ತರಗತಿಯಲ್ಲಿ ಈ ಕೆಳಕಂಡ ಹಂತಗಳಲ್ಲಿ ನಡೆಸಬಹುದಾಗಿದೆ.

ಮೊದಲನೆಯ ಹಂತ: ಕಿವಿಯಿಂದ ಆರಂಭ. ಟೈಮು, ರೇಟು, ಗೇಟು, ಲೈನು, ಪೈಪು, ಬೈಕು, ಫೈಲು, ಫೋನು, ನೋಟು, ವೋಟು, ಟ್ಯೂಬು, ಸ್ಕೇಲು, ಪ್ಲೇಟು, ಬ್ಲೇಡು ಎಂಬ ಮಾತುಗಳು ಗ್ರಾಮೀಣ ಮಗುವಿನ ಬಾಯಲ್ಲಿ ಶಾಲೆಗೆ ಬರುವ ಮುನ್ನವೇ ಇರುತ್ತವೆ. ಇವೆಲ್ಲವೂ ಮೌನ 'ಇ' ಇರುವ ಪದಗಳೇ. ಮಕ್ಕಳಿಂದ ಇವುಗಳನ್ನು ಹೇಳಿಸಿ, ಕೊನೆಯ 'ಉ'ಕಾರವನ್ನು ಬಿಡಿಸಿ, ನಂತರ ಹಲಗೆಯ ಮೇಲೆ ಕಾಗುಣಿತವನ್ನು ಬರೆಯಬೇಕು. ಗೊತ್ತಿರುವ ಪದದಿಂದ ಗೊತ್ತಿಲ್ಲದ ಬರಹದ ಕಡೆಗೆ ಸಾಗುವುದರಿಂದ ಮಗು ಅರ್ಥಕ್ಕಾಗಿ ತಡಕಾಡಬೇಕಾಗಿಲ್ಲ.

ಎರಡನೆಯ ಹಂತ: ಜೋಡಿ ಪದಗಳು. ರಟ್ಟಿನ ಪಟ್ಟಿಯ ಮೇಲೆ ಕೆ-ಐ-ಟಿ-ಇ ಎಂದು ಬರೆದು ಕೊನೆಯ ಅಕ್ಷರವನ್ನು ಹಿಂದಕ್ಕೆ ಮಡಿಸಬೇಕು. ಮಡಿಸಿದಾಗ 'ಕಿಟ್', ಬಿಡಿಸಿದಾಗ 'ಕೈಟ್' ಎಂದು ಮಕ್ಕಳು ಓದಬೇಕು. ಇದಕ್ಕೆ ಬೇಕಾಗುವುದು ಹಳೆಯ ರಟ್ಟು ಮತ್ತು ಬಳಪ ಮಾತ್ರ.

ಮೂರನೆಯ ಹಂತ: ಬೆರಕೆ ಓದು. ಮೌನ 'ಇ' ಇರುವ ಮತ್ತು ಇಲ್ಲದ ಪದಗಳನ್ನು ಬೆರೆಸಿ ಓದಿಸಬೇಕು. ಪಾಠ ನಡೆದ ದಿನ ಎಲ್ಲಾ ಪದಗಳೂ ಮೌನ 'ಇ' ಪದಗಳೇ ಆಗಿದ್ದರೆ ಮಗು ಕೊನೆಯ ಅಕ್ಷರವನ್ನು ನೋಡದೆಯೇ ಊಹಿಸಿ ಓದುತ್ತದೆ. ಬೆರೆಸಿದಾಗ ಮಾತ್ರ ಕಣ್ಣು ಪದದ ಕೊನೆಯವರೆಗೆ ಹೋಗುತ್ತದೆ.

ನಾಲ್ಕನೆಯ ಹಂತ: ಉಕ್ತಲೇಖನ. ಓದುವುದಕ್ಕಿಂತ ಬರೆಯುವುದು ಕಠಿಣ. 'ಮೇಲ್' ಎಂಬ ಒಂದೇ ಉಚ್ಚಾರಕ್ಕೆ ಎಂ-ಎ-ಎಲ್-ಇ ಮತ್ತು ಎಂ-ಎ-ಐ-ಎಲ್ ಎಂಬ ಎರಡು ಕಾಗುಣಿತಗಳಿದ್ದು, ಮೊದಲನೆಯದು ಪುರುಷ, ಎರಡನೆಯದು ಅಂಚೆ. ಆದುದರಿಂದ ಪದವನ್ನು ವಾಕ್ಯದಲ್ಲಿಟ್ಟು ಉಕ್ತಲೇಖನ ನೀಡಬೇಕು.

ಐದನೆಯ ಹಂತ: ನಮೂನೆಯ ಓದು. ಖಾಲಿ ಅರ್ಜಿ ನಮೂನೆಯೊಂದನ್ನು ನೀಡಿ, ಮೌನ 'ಇ' ಪದಗಳ ಕೆಳಗೆ ಗೆರೆ ಎಳೆದು ಓದಲು ತಿಳಿಸಬೇಕು.

ಪದದ ಕೆಳಗೆ ಕನ್ನಡದಲ್ಲಿ ಉಚ್ಚಾರವನ್ನು ಬರೆದುಕೊಡುವ ಅಭ್ಯಾಸ ಮೊದಲ ದಿನಗಳಿಗೆ ಮಾತ್ರ ಸೀಮಿತವಾಗಿರಬೇಕು. ಅದು ಮುಂದುವರಿದರೆ ಮಗು ಕನ್ನಡವನ್ನೇ ಓದುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ನೋಡುವುದಿಲ್ಲ.

ನಿಯಮಕ್ಕೆ ಒಳಪಡದ ಪದಗಳು

ಅರ್ಜಿದಾರರ ಕುಟುಂಬಗಳಿಗೆ ಅತಿ ಹೆಚ್ಚು ಬೇಕಾಗುವ ದಾಖಲೆಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರವೂ ಒಂದು. ಇಂಗ್ಲಿಷಿನಲ್ಲಿ ಅದಕ್ಕೆ ಬಳಸುವ ಕಾಸ್ಟ್, ಇನ್‌ಕಮ್, ಸರ್ಟಿಫಿಕೇಟ್ ಎಂಬ ಮೂರು ಪದಗಳೂ 'ಇ' ಅಕ್ಷರದಿಂದ ಕೊನೆಗೊಂಡರೂ, ಮೂರೂ ಮೇಲ್ಕಂಡ ನಿಯಮವನ್ನು ಪಾಲಿಸುವುದಿಲ್ಲ. ಪೇಸ್ಟ್, ಟೇಸ್ಟ್ ಪದಗಳಲ್ಲಿ ದೀರ್ಘವಾಗುವ ಸ್ವರ 'ಕಾಸ್ಟ್' ಪದದಲ್ಲಿ ಹಾಗಾಗುವುದಿಲ್ಲ. ಕಮ್, ಸಮ್, ಡನ್ ಪದಗಳ ಸಾಲಿಗೆ 'ಇನ್‌ಕಮ್' ಸೇರುತ್ತದೆ. 'ಸರ್ಟಿಫಿಕೇಟ್' ಎಂಬ ನಾಮಪದದ ಕೊನೆಯ ಭಾಗಕ್ಕೆ ಒತ್ತಿಲ್ಲದ ಕಾರಣ ಇಂಗ್ಲಿಷರು ಅದನ್ನು 'ಕೆಟ್' ಎಂಬಂತೆ ಮೊಟಕಾಗಿ ಉಚ್ಚರಿಸುತ್ತಾರೆ. ಆದ್ದರಿಂದ ಈ ಪ್ರಮಾಣ ಪತ್ರದ ತಲೆಬರಹವನ್ನು ಓದಲು ಮಗು ತಡವರಿಸಿದರೆ ಅದನ್ನು ಗದರಿಸಬಾರದು. ಮೊದಲು ನೇಮ್, ಡೇಟ್ ಮುಂತಾದ ಸರಳ ಪದಗಳನ್ನು ಓದಿಸಬೇಕು.

ನಿಯಮ ಮೀರಿದ ಪದಗಳಲ್ಲಿಯೂ ಕೊನೆಯ 'ಇ' ಅಕ್ಷರಕ್ಕೆ ಅನೇಕ ಬಾರಿ ಬೇರೆ ಕೆಲಸವಿರುತ್ತದೆ. ಅವುಗಳನ್ನು ಹೀಗೆ ವಿಂಗಡಿಸಬಹುದು.

1. ಇಂಗ್ಲಿಷ್ ಪದಗಳು ಸಾಮಾನ್ಯವಾಗಿ 'ವಿ' ಅಕ್ಷರದಿಂದ ಕೊನೆಗೊಳ್ಳುವುದಿಲ್ಲ. ಆದ್ದರಿಂದ ಹ್ಯಾವ್, ಗಿವ್, ಲವ್, ವಾಲ್ವ್ ಪದಗಳಿಗೆ 'ಇ' ಸೇರಿದೆ. ಫೈವ್, ಸೇವ್, ಡ್ರೈವ್ ಪದಗಳಲ್ಲಿ ಮಾತ್ರ ಅದು ಸ್ವರವನ್ನೂ ಬದಲಿಸುತ್ತದೆ.
2. ಆಫೀಸ್, ಸರ್ವಿಸ್, ರೆಸಿಡೆನ್ಸ್ ಪದಗಳಲ್ಲಿ 'ಸಿ' ಅಕ್ಷರವನ್ನು 'ಕ' ಎಂದು ಓದದೆ 'ಸ' ಎಂದು ಓದಬೇಕೆಂದು ಕೊನೆಯ 'ಇ' ಸೂಚಿಸುತ್ತದೆ. ವಿಲೇಜ್, ಮ್ಯಾರೇಜ್, ಲಾರ್ಜ್ ಪದಗಳಲ್ಲಿ 'ಜಿ' ಅಕ್ಷರವನ್ನು 'ಗ' ಎಂದು ಓದದೆ 'ಜ' ಎಂದು ಓದಬೇಕೆಂದು ಸೂಚಿಸುತ್ತದೆ.
3. ಟೇಬಲ್, ಸೈಕಲ್, ಬಾಟಲ್ ಪದಗಳು ಎಲ್-ಇ ಎಂದು ಕೊನೆಗೊಳ್ಳುತ್ತವೆ. ಇಲ್ಲಿ 'ಎಲ್' ಅಕ್ಷರ ತನ್ನ ಹಿಂದಿನ ವ್ಯಂಜನದೊಂದಿಗೆ ಸೇರಿ ಒಂದು ಪ್ರತ್ಯೇಕ ಉಚ್ಚಾರಾಂಶವಾಗುತ್ತದೆ.
4. ಹೌಸ್, ನರ್ಸ್ ಪದಗಳಲ್ಲಿ ಕೊನೆಯ 'ಎಸ್' ಬಹುವಚನದ ಗುರುತಲ್ಲವೆಂಬುದನ್ನು 'ಇ' ತಿಳಿಸುತ್ತದೆ.

ಪ್ರತ್ಯಯ ಸೇರಿದಾಗ ಆಗುವ ಬದಲಾವಣೆ

ಮೌನ 'ಇ' ಇರುವ ಪದಕ್ಕೆ ಸ್ವರದಿಂದ ಆರಂಭವಾಗುವ ಪ್ರತ್ಯಯ ಸೇರಿದಾಗ ಸಾಮಾನ್ಯವಾಗಿ 'ಇ' ಲೋಪವಾಗುತ್ತದೆ. ಕನ್ನಡದ ಲೋಪಸಂಧಿಯನ್ನು ಕಲಿತ ಮಗುವಿಗೆ ಇದು ಹೊಸತಲ್ಲ. ಎಚ್-ಓ-ಪಿ-ಇ ಎಂಬ 'ಹೋಪ್' ಪದಕ್ಕೆ ಐ-ಎನ್-ಜಿ ಸೇರಿದಾಗ 'ಇ' ಬಿಟ್ಟು 'ಹೋಪಿಂಗ್' ಎಂದಾಗುತ್ತದೆ. 'ಇ' ಇಲ್ಲದ ಎಚ್-ಓ-ಪಿ ಎಂಬ 'ಹಾಪ್' ಪದಕ್ಕೆ ಅದೇ ಪ್ರತ್ಯಯ ಸೇರಿದಾಗ 'ಪಿ' ಅಕ್ಷರ ಎರಡಾಗಿ 'ಹಾಪಿಂಗ್' ಎಂದಾಗುತ್ತದೆ. ಅಂದರೆ ಒಂದೇ 'ಪಿ' ಇದ್ದರೆ ದೀರ್ಘ, ಎರಡಿದ್ದರೆ ಹ್ರಸ್ವ. ವ್ಯಂಜನದಿಂದ ಆರಂಭವಾಗುವ ಪ್ರತ್ಯಯ ಸೇರಿದಾಗ ಸಾಮಾನ್ಯವಾಗಿ 'ಇ' ಉಳಿಯುತ್ತದೆ; 'ಹೋಪ್‌ಫುಲ್' ಇದಕ್ಕೆ ಉದಾಹರಣೆ.

ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳು

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಹೆಸರುಗಳಿಗೆ ಮೌನ 'ಇ' ನಿಯಮ ಅನ್ವಯಿಸುವುದಿಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ ಭಾವೆ ಅವರ ಮನೆತನದ ಹೆಸರನ್ನು ಬಿ-ಎಚ್-ಎ-ವಿ-ಇ ಎಂದು ಬರೆಯಲಾಗುತ್ತದೆ. ಇಂಗ್ಲಿಷ್ ನಿಯಮದಂತೆ ಓದಿದರೆ ಅದು 'ಭೇವ್' ಆಗಿಬಿಡುತ್ತದೆ. ದಾವಣಗೆರೆ, ಹೊಸಪೇಟೆ ಎಂಬ ಹೆಸರುಗಳ ಕೊನೆಯ 'ಇ' ಅಕ್ಷರವನ್ನೂ ಉಚ್ಚರಿಸಲೇಬೇಕು.

ಇದಕ್ಕೆ ವಿರುದ್ಧವಾಗಿ, ಬ್ರಿಟಿಷರ ಕಾಲದಿಂದ ಬಂದ ಬ್ಯಾಂಗಲೋರ್, ಮೈಸೋರ್, ಮ್ಯಾಂಗಲೋರ್ ಎಂಬ ಹಳೆಯ ರೂಪಗಳು ಓ-ಆರ್-ಇ ಎಂದು ಕೊನೆಗೊಳ್ಳುತ್ತಿದ್ದು, ಅವುಗಳಲ್ಲಿ 'ಇ' ಮೌನವಾಗಿತ್ತು. 2014ರ ನವೆಂಬರ್ 1ರಿಂದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಅನುಗುಣವಾಗಿ ಬದಲಾಯಿಸಿದಾಗ ಬೆಂಗಳೂರು, ಮೈಸೂರು, ಮಂಗಳೂರು ಹೆಸರುಗಳ ಮೌನ 'ಇ' ಹೋಗಿ 'ಯು' ಬಂದಿತು. ಅದೇ ಆದೇಶದಲ್ಲಿ 'ಹಾಸ್ಪೆಟ್' ಎಂಬ ರೂಪ ಹೋಗಿ, ಕೊನೆಗೆ ಉಚ್ಚರಿಸಲ್ಪಡುವ 'ಇ' ಇರುವ 'ಹೊಸಪೇಟೆ' ಬಂದಿತು. ಹಳೆಯ ದಾಖಲೆಗಳಲ್ಲಿ ಹಳೆಯ ರೂಪ, ಹೊಸ ದಾಖಲೆಗಳಲ್ಲಿ ಹೊಸ ರೂಪ ಕಂಡುಬರುವುದು ಈ ಕಾರಣದಿಂದ.

ಇನ್ನು ರೋಣ, ಗದಗ, ನರಗುಂದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ 'ಅ'ಕಾರವನ್ನು ಬಿಡುವುದು ರೂಢಿಯಲ್ಲಿದೆ. ಆರ್-ಓ-ಎನ್ ಎಂದು ಬರೆದ ರೋಣವನ್ನು ಹೊರಗಿನವರು 'ರಾನ್' ಎಂದು ಓದುವುದುಂಟು. ಉಚ್ಚಾರವನ್ನು ಸರಿಪಡಿಸುವ ಉದ್ದೇಶದಿಂದ ಯಾರೂ ಅದರ ಕೊನೆಗೆ 'ಇ' ಸೇರಿಸತಕ್ಕದ್ದಲ್ಲ. ಅಧಿಕೃತ ರೂಪವನ್ನೇ ಬರೆಯಬೇಕು.

ವ್ಯಕ್ತಿಗಳ ಹೆಸರಿನಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. ಶಾಲಾ ದಾಖಲಾತಿ ಪುಸ್ತಕದ ಹೆಸರೇ ಮುಂದೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಹೋಗುತ್ತದೆ. 'ಕಾಳೆ' ಎಂಬ ಅಡ್ಡಹೆಸರು ಒಂದು ದಾಖಲೆಯಲ್ಲಿ ಕೆ-ಎ-ಎಲ್-ಇ ಎಂದೂ ಇನ್ನೊಂದರಲ್ಲಿ ಕೆ-ಎ-ಎ-ಎಲ್-ಇ ಎಂದೂ ಇದ್ದರೆ, ಓದುವವರಿಗೆ ಎರಡೂ ಒಂದೇ. ಅಕ್ಷರ ಅಕ್ಷರವಾಗಿ ತಾಳೆ ನೋಡುವ ಗಣಕಯಂತ್ರಕ್ಕೆ ಅವು ಎರಡು ಹೆಸರುಗಳು. ಇಂತಹ ವ್ಯತ್ಯಾಸದಿಂದ ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳ ಅರ್ಜಿಯ ಪರಿಶೀಲನೆ ವಿಳಂಬವಾಗುವ ಸಂಭವವಿದೆ. ಆದ್ದರಿಂದ ಯಾವುದೇ ಅರ್ಜಿಯಲ್ಲಿ ಹೆಸರನ್ನು ಉಚ್ಚಾರ ನೋಡಿ ಬರೆಯದೆ, ಈಗಾಗಲೇ ಇರುವ ದಾಖಲೆಯನ್ನು ಮುಂದಿಟ್ಟುಕೊಂಡು ಅಕ್ಷರಶಃ ಬರೆಯತಕ್ಕದ್ದು.

ಪೋಷಕರು ಮನೆಯಲ್ಲಿ ಮಾಡಬಹುದಾದುದು

ಇಂಗ್ಲಿಷ್ ಬಾರದ ಪೋಷಕರೂ ಈ ಕಲಿಕೆಗೆ ನೆರವಾಗಬಹುದು. ಬೀಜದ ಚೀಲ, ಔಷಧದ ಡಬ್ಬಿ, ಬಸ್ಸಿನ ಫಲಕ, ಬ್ಯಾಂಕಿನ ಪುಸ್ತಕ ಇವುಗಳ ಮೇಲೆ 'ಇ' ಅಕ್ಷರದಿಂದ ಕೊನೆಗೊಳ್ಳುವ ಪದಗಳನ್ನು ಹುಡುಕಲು ಮಗುವಿಗೆ ತಿಳಿಸಬಹುದು. ಸಿಕ್ಕ ಪದಗಳನ್ನು ನಿಯಮ ಪಾಲಿಸುವವು, ಪಾಲಿಸದವು ಎಂದು ಎರಡು ಸಾಲುಗಳಲ್ಲಿ ಬರೆಯಿಸಬಹುದು. 'ಕೊನೆಯ ಅಕ್ಷರ ಮುಚ್ಚಿ ಓದು, ಈಗ ತೆಗೆದು ಓದು' ಎಂದು ಹೇಳಲು ಇಂಗ್ಲಿಷ್ ಜ್ಞಾನದ ಅವಶ್ಯಕತೆಯಿಲ್ಲ. ಅರ್ಜಿ ತುಂಬುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೂ ಒಂದು ಪಾಠವೇ. ಆದರೆ ಸಹಿ ಮಾಡುವ ಮುನ್ನ ಅರ್ಜಿಯ ವಿವರಗಳನ್ನು ತಿಳಿದ ವಯಸ್ಕರಿಂದ ಓದಿಸಿಕೊಳ್ಳಬೇಕು. ಆ ಜವಾಬ್ದಾರಿಯನ್ನು ಮಗುವಿನ ಮೇಲೆ ಹೊರಿಸಬಾರದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇಂಗ್ಲಿಷ್ ಪದದ ಕೊನೆಯ 'ಇ' ಯಾವಾಗಲೂ ಮೌನವೇ?
ಉತ್ತರ: ಇಲ್ಲ. ಹೀ, ಶೀ, ಮೀ, ವೀ ಪದಗಳಲ್ಲಿ ಬೇರೆ ಸ್ವರಾಕ್ಷರವಿಲ್ಲದ ಕಾರಣ 'ಇ' ಉಚ್ಚರಿಸಲ್ಪಡುತ್ತದೆ. ರೆಸಿಪಿ, ಕೆಫೆ ಮುಂತಾದ ಎರವಲು ಪದಗಳಲ್ಲಿಯೂ ಅದಕ್ಕೆ ಧ್ವನಿಯಿದೆ. ಉದ್ಯೋಗದ ಅರ್ಜಿಯೊಂದಿಗೆ ಸಲ್ಲಿಸುವ 'ರೆಸ್ಯುಮೆ' ಹಾಗೂ ಪುನರಾರಂಭಿಸು ಎಂಬ ಅರ್ಥದ 'ರಿಸ್ಯೂಮ್' ಇವೆರಡರ ಕಾಗುಣಿತ ಸಾಮಾನ್ಯವಾಗಿ ಒಂದೇ ಆಗಿರುತ್ತದೆ.

ಪ್ರಶ್ನೆ: ಎರಡನೆಯ ತರಗತಿಯ ಮಗು ಈ ನಿಯಮವನ್ನು ತಿಳಿಯದಿದ್ದರೆ ಹಿಂದುಳಿದಂತೆಯೇ?
ಉತ್ತರ: ಇಲ್ಲ. ಮೊದಲು ಹ್ರಸ್ವ ಸ್ವರದ ಚಿಕ್ಕ ಪದಗಳ ಓದು ಗಟ್ಟಿಯಾಗಬೇಕು. 'ಕಿಟ್' ಓದಲಾರದ ಮಗುವಿಗೆ 'ಕೈಟ್' ಕಲಿಸುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಇಂಗ್ಲಿಷ್ ಸುಧಾರಿಸಲು ಮನೆಯಲ್ಲಿ ಕನ್ನಡದ ಓದನ್ನು ನಿಲ್ಲಿಸಬೇಕೆ?
ಉತ್ತರ: ಅವಶ್ಯಕತೆಯಿಲ್ಲ. ಹ್ರಸ್ವ, ದೀರ್ಘ, ಲೋಪ ಎಂಬ ಕಲ್ಪನೆಗಳು ಮಗುವಿಗೆ ಕನ್ನಡದಿಂದಲೇ ಬಂದಿರುತ್ತವೆ. ಮೇಲೆ ವಿವರಿಸಿದಂತೆ ಇಂಗ್ಲಿಷ್ ಕಾಗುಣಿತವನ್ನು ಅರಿಯಲು ಅವೇ ಆಧಾರ.

ಪ್ರಶ್ನೆ: ಮಗುವಿನ ಹೆಸರಿನ ಇಂಗ್ಲಿಷ್ ಕಾಗುಣಿತ ಶಾಲಾ ದಾಖಲೆಯಲ್ಲಿ ತಪ್ಪಾಗಿದ್ದರೆ ಯಾರನ್ನು ಸಂಪರ್ಕಿಸಬೇಕು?
ಉತ್ತರ: ಮೊದಲಿಗೆ ಶಾಲೆಯ ಮುಖ್ಯೋಪಾಧ್ಯಾಯರನ್ನು, ಅಗತ್ಯಬಿದ್ದಲ್ಲಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ನೋಂದಣಿಯಾಗುವ ಮುನ್ನವೇ ಪರಿಶೀಲಿಸಿಕೊಳ್ಳುವುದು ಸೂಕ್ತ. ಅಂಕಪಟ್ಟಿ ಮುದ್ರಣವಾದ ನಂತರದ ತಿದ್ದುಪಡಿಗೆ ಹೆಚ್ಚಿನ ದಾಖಲೆ ಮತ್ತು ಕಾಲಾವಕಾಶ ಬೇಕಾಗುತ್ತದೆ.

ಶಾಲೆಯ ಇಂಗ್ಲಿಷ್ ಬೋಧನೆಯ ಬಗ್ಗೆ ಸಲಹೆಗಳಿದ್ದಲ್ಲಿ ಪೋಷಕರು ಅವುಗಳನ್ನು ತಮ್ಮ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಂಡಿಸಬಹುದಾಗಿದೆ.